ಬದಲಿ ಹೆಬ್ಬೆಟ್ಟು

ಸವಣೂರಿನ ಹಳೆಯ ಅರಳೆ ಜಿನ್ನಿಗೆ ಈಗ ಬಣ್ಣ ಬಂದಿದೆ. ಹತ್ತಿಯಿಂದ ಬೀಜ ಬಿಡಿಸುವ ಮೂವತ್ತಾರು ಯಂತ್ರಗಳಿಗೂ ಗಿಳಿಹಸಿರು ಬಳಿದಿದ್ದಾರೆ; ಚರ್ಮದ ಪಟ್ಟಾ ಎಳೆಯುವ ಗಾಲಿಗಳಿಗೆ ಕೆಂಪು. ಜಿನ್ನು ನಡೆಯುತ್ತಿದ್ದಾಗ ಅವು ಒಂದು ದಿನವೂ ಹೀಗಿರಲಿಲ್ಲ. ಎಣ್ಣೆ, ಧೂಳು, ಹತ್ತಿಯ ಎಳೆ ಮೆತ್ತಿಕೊಂಡು ಯಾವುದು ಕಬ್ಬಿಣ, ಯಾವುದು ಕಸ ಎಂದು ಗೊತ್ತಾಗುತ್ತಿರಲಿಲ್ಲ. ನೋಡಲು ಬರುವವರಿಗೆ ಇದನ್ನು ಹೇಳಬೇಕೆಂದು ತಿಪ್ಪವ್ವನಿಗೆ ಮೊದಮೊದಲು ಬಾಯಿ ತುರಿಸುತ್ತಿತ್ತು. ಈಗ ಆ ತುರಿಕೆಯೂ ಹೋಗಿದೆ. ಕಸಬರಿಗೆ ಹಿಡಿದ ಮುದುಕಿಯ ಮಾತು ಕೇಳಲು ಯಾರೂ ಟಿಕೆಟು ತೆಗೆಸಿ ಒಳಗೆ ಬರುವುದಿಲ್ಲ.

ಜಿನ್ನು ಮುಚ್ಚಿ ಇಪ್ಪತ್ತೈದು ವರ್ಷವಾಯಿತು. ಅಷ್ಟೂ ವರ್ಷ ಅದರೊಳಗೆ ಬಾವಲಿಗಳ ಸಂಸಾರ ನಡೆದಿತ್ತು. ಆಮೇಲೆ ಒಂದು ಟ್ರಸ್ಟಿನವರು ಬಂದರು. ದೇಶದಲ್ಲಿ ಕಾರ್ಖಾನೆಗಳು ಹೊಸದಾಗಿ ತಲೆ ಎತ್ತಿದ ಕಾಲ ಹೇಗಿತ್ತೆಂದು ಮುಂದಿನವರಿಗೆ ತೋರಿಸಬೇಕಂತೆ. ಮಾಡು ರಿಪೇರಿ ಮಾಡಿಸಿದರು, ದೀಪ ಹಾಕಿಸಿದರು, ಗೋಡೆಗೆ ಫೋಟೋ ಹಚ್ಚಿದರು. ಕಸ ಹೊಡೆಯಲು ಒಬ್ಬ ಹೆಣ್ಣಾಳು ಬೇಕೆಂದಾಗ, ಒಳಗಿನ ಮೂಲೆಮೂಲೆ ಗೊತ್ತಿದ್ದ ತಿಪ್ಪವ್ವ ಹೋಗಿ ನಿಂತಳು. ಅರವತ್ತಾರರ ಮೊಣಕಾಲಿಗೆ ಇದು ಬೇಕಿತ್ತೇ ಎಂದು ಸೊಸೆ ಮಲ್ಲಿಕಾ ಗೊಣಗಿದಳು. ಮಗ ಸುಭಾಸ ಶಿಗ್ಗಾಂವಿಯ ಕಡೆ ಟೆಂಪೋ ಹೊಡೆಯುತ್ತಾನೆ. ಅವನು ಗೊಣಗಲೂ ಇಲ್ಲ.

ಹೀಗೆ ಎಂಟು ತಿಂಗಳಿಂದ ತಿಪ್ಪವ್ವ ದಿನಾ ತನ್ನ ಫೋಟೋದ ಕೆಳಗೇ ಕಸ ಹೊಡೆಯುತ್ತಿದ್ದಾಳೆ.

ಬಾಗಿಲು ದಾಟಿದ ಕೂಡಲೇ ಎದುರಿಗೆ ಕಾಣುವ ದೊಡ್ಡ ಫೋಟೋ ಅದು. ಹದಿನಾಲ್ಕನೇ ನಂಬರಿನ ಯಂತ್ರದ ಮುಂದೆ ಒಬ್ಬಳು ಹರೆಯದ ಹೆಂಗಸು ಹತ್ತಿ ಊಡುತ್ತ ನಿಂತಿದ್ದಾಳೆ. ಸೆರಗು ತಲೆಯ ಮೇಲಿದೆ, ಹಣೆ ಬೋಳಾಗಿದೆ, ಹುಬ್ಬಿನ ತುಂಬ ಹತ್ತಿಯ ಧೂಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ‘ಮರಿಯಮಬಿ, ಯಂತ್ರ ಸಂಖ್ಯೆ ೧೪’. ಎಂಟು ತಿಂಗಳಲ್ಲಿ ಎಷ್ಟು ಸಾವಿರ ಕಣ್ಣು ಆ ಫೋಟೋ ನೋಡಿದವೋ. ಅದರಿಂದ ಮೂರು ಮಾರು ದೂರದಲ್ಲಿ ಗಾಜು ಒರೆಸುತ್ತ ನಿಂತ ಮುದುಕಿಯ ಮುಖ ನೋಡಿ, ಇವಳೇ ಅವಳಲ್ಲವೇ ಎಂದು ಒಬ್ಬರೂ ಕೇಳಲಿಲ್ಲ. ಇದು ತಿಪ್ಪವ್ವನಿಗೆ ಮುಳ್ಳು ಮುರಿದಂತೆ ಒಳಗೇ ನೋಯುತ್ತಿತ್ತು.

ಹೆಸರು ತಪ್ಪಾಗಿದ್ದರಲ್ಲಿ ಟ್ರಸ್ಟಿನವರದು ತಪ್ಪಿಲ್ಲ. ಅವರು ಹಾಜರಿ ಪುಸ್ತಕ ನೋಡಿ ಬರೆದರು. ಹಾಜರಿ ಪುಸ್ತಕದಲ್ಲಿ ಹದಿನಾಲ್ಕನೇ ಯಂತ್ರದ ಮುಂದೆ ಮರಿಯಮಬಿಯ ಹೆಸರೇ ಇತ್ತು. ಹೆಸರು ಮರಿಯಮಬಿಯದು, ಅದರ ಮುಂದೆ ಒತ್ತಿದ ಹೆಬ್ಬೆಟ್ಟು ತಿಪ್ಪವ್ವನದು.

ಆ ಕಾಲದಲ್ಲಿ ಇದಕ್ಕೆ ‘ಬದಲಿ’ ಎನ್ನುತ್ತಿದ್ದರು. ಜಿನ್ನಿನಲ್ಲಿ ಹೊಸಬರನ್ನು ಕಾಯಂ ಮಾಡಿಕೊಳ್ಳುವುದು ನಿಂತೇ ಹೋಗಿತ್ತು. ಪುಸ್ತಕದಲ್ಲಿ ಹೆಸರಿದ್ದವರು ಬಾರದಿದ್ದರೆ ಅವರ ಹೆಸರು ಹೊಡೆದು ಹಾಕುತ್ತಿದ್ದರು. ಹಾಗಾಗಿ ಜಡ್ಡು, ಬಾಣಂತನ ಎಂದು ಯಾರಾದರೂ ಮಲಗಿದರೆ ಅವರ ಹೆಸರಿನ ಮೇಲೆ ಬೇರೊಬ್ಬಳು ಹೋಗಿ ನಿಲ್ಲುತ್ತಿದ್ದಳು. ಮರಿಯಮಬಿ ತಿಪ್ಪವ್ವನ ಓಣಿಯವಳು, ಹತ್ತು ವರ್ಷ ಹಿರಿಯಳು. ಆರು ವರ್ಷ ಜಿನ್ನಿನಲ್ಲಿ ದುಡಿಯುವಷ್ಟರಲ್ಲಿ ಧೂಳು ಎದೆಗಿಳಿದು, ನಾಲ್ಕು ಹೆಜ್ಜೆಗೆ ಒಮ್ಮೆ ಗೋಡೆ ಹಿಡಿಯುವಂತಾದಳು. "ಒಂದ ವಾರ ನೀ ಹೋಗಿ ನಿಲ್ಲ ತಿಪ್ಪಿ, ಆರಾಮಾದ ಕೂಡ್ಲೆ ನಾ ಬರ್ತೇನಿ" ಎಂದಳು. ಆರಾಮಾಗಲೇ ಇಲ್ಲ. ಬಂದ ಪಗಾರವನ್ನು ಇಬ್ಬರೂ ಹಂಚಿಕೊಂಡರು, ಒಂದು ವಾರ ಹತ್ತೊಂಬತ್ತು ವರ್ಷವಾಯಿತು.

ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮ ಮಹಾಲಿಂಗಪ್ಪನಿಗೆ ಎಲ್ಲ ಗೊತ್ತಿತ್ತು. ಯಂತ್ರ ನಿಲ್ಲದಿದ್ದರೆ ಸಾಕು ಎಂದು ಅವನು ಕಣ್ಣು ಮುಚ್ಚಿಕೊಂಡಿದ್ದ. ಆದರೆ ಸರಕಾರದ ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ತಿಪ್ಪವ್ವ ಕುಂಕುಮ ಒರೆಸಿ, ತಲೆಯ ಮೇಲೆ ಸೆರಗು ಹೊದ್ದು, ‘ಮರಿಯಮಬಿ’ ಎಂದು ಕೂಗಿದಾಗ ಓ ಎನ್ನಬೇಕಿತ್ತು. ಗಂಡ ಬದುಕಿರುವಾಗ ಕುಂಕುಮ ಒರೆಸುವುದೆಂದರೆ ಅಪಶಕುನವೆಂಬ ಭಯ. ಮನೆಗೆ ಬರುವ ಮೊದಲು ಹನುಮಪ್ಪನ ಗುಡಿಯ ಮುಂದೆ ನಿಂತು ಮತ್ತೆ ಹಚ್ಚಿಕೊಳ್ಳುತ್ತಿದ್ದಳು. ಗೋಡೆಯ ಫೋಟೋ ಅಂಥದೇ ಒಂದು ದಿನದ್ದು.

ಇನ್ನೂ ಒಂದು ಪಾಠವಿತ್ತು. ಇನ್‌ಸ್ಪೆಕ್ಟರು ಎಂದಾದರೂ ಮನೆಗೇ ಬಂದು ವಿಚಾರಿಸಿದರೆ ಮರಿಯಮಬಿ ತಬ್ಬಿಬ್ಬಾಗಬಾರದಲ್ಲ? ಅದಕ್ಕೆ ದಿನಾ ಸಂಜೆ ತಿಪ್ಪವ್ವ ಅವಳ ಮನೆಯ ಕಟ್ಟೆಯ ಮೇಲೆ ಕುಳಿತು ಅಂದಿನದೆಲ್ಲ ಒಪ್ಪಿಸಬೇಕು. ಯಾವ ಪಟ್ಟಾ ಹರಿಯಿತು, ಯಾರು ಯಾರ ಜೊತೆ ಜಗಳಾಡಿದರು, ಹತ್ತಿಯ ರಾಶಿಯಲ್ಲಿ ಏನು ಸಿಕ್ಕಿತು, ಎಲ್ಲ. ಮರಿಯಮಬಿ ಚಹಾ ಕೊಟ್ಟು, ಕೆಮ್ಮುತ್ತ, ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ಇನ್‌ಸ್ಪೆಕ್ಟರು ಒಮ್ಮೆಯೂ ಮನೆಗೆ ಬರಲಿಲ್ಲ. ಜಿನ್ನು ಮುಚ್ಚಿದ ಮೇಲೆ ಮರಿಯಮಬಿಯೂ ಹಿರೇಕೆರೂರಿನ ಮಗಳ ಮನೆಗೆ ಹೋದಳು. ಮೊದಲು ವರ್ಷಕ್ಕೊಮ್ಮೆ ಸವಣೂರಿಗೆ ಬರುತ್ತಿದ್ದಳು, ಆಮೇಲೆ ಅದೂ ನಿಂತಿತು.

ತಿಪ್ಪವ್ವನಿಗೆ ದೊಡ್ಡ ಆಸೆಗಳಿರಲಿಲ್ಲ. ಹೊಲ ಗಂಡನ ಹೆಸರಿನಲ್ಲಿತ್ತು, ಮನೆ ಮಗನ ಹೆಸರಿನಲ್ಲಿದೆ, ರೇಶನ್ ಕಾರ್ಡಿನಲ್ಲಿ ಪುಣ್ಯಾತ್ಮರು ಯಾರೋ ‘ತಿಮ್ಮವ್ವ’ ಎಂದು ಬರೆದಿದ್ದಾರೆ. ಹತ್ತೊಂಬತ್ತು ವರ್ಷ ನಿಂತ ಜಾಗದಲ್ಲಾದರೂ ತನ್ನ ಹೆಸರು ಸರಿಯಾಗಿ ಇರಲಿ ಎಂದು ಆಕೆಗೆ ಅನ್ನಿಸಿತು. ನಾಲ್ಕು ತಿಂಗಳ ಹಿಂದೆ ಧೈರ್ಯ ಮಾಡಿ ಮ್ಯಾನೇಜರ್ ಮೃತ್ಯುಂಜಯನಿಗೆ ಹೇಳಿದಳು. ಅವನು ಹಾನಗಲ್ಲಿನಿಂದ ದಿನಾ ಬಸ್ಸಿಗೆ ಬರುವ ಹುಡುಗ, ಕೆಟ್ಟವನಲ್ಲ. ಮೊದಲು ನಕ್ಕ.

"ಪುರಾವೆ ಏನೈತ್ರಿ ತಿಪ್ಪವ್ವ?"

ಆಕೆ ಎಡಗೈಯ ಹೆಬ್ಬೆರಳು ಚಾಚಿದಳು. ಅದರ ಮೇಲೆ ಅಡ್ಡಕ್ಕೆ ಒಂದು ಗಾಯದ ಗೀರು, ಯಂತ್ರದ ಅಲಗು ಬಡಿದದ್ದು. ಗಾಜಿನ ಪೆಟ್ಟಿಗೆಯಲ್ಲಿ ತೆರೆದಿಟ್ಟ ಹಾಜರಿ ಪುಸ್ತಕದ ಹೆಬ್ಬೆಟ್ಟುಗಳಲ್ಲೂ ಅದೇ ಜಾಗದಲ್ಲಿ ಬಿಳಿ ಗೆರೆ ಇತ್ತು. ಮೃತ್ಯುಂಜಯ ಗಾಜಿಗೆ ಮೂಗು ಹಚ್ಚಿ ನೋಡಿದ, ಬೆರಳು ನೋಡಿದ, ಆಮೇಲೆ ನಗಲಿಲ್ಲ. ಟ್ರಸ್ಟಿಗೆ ಬರೆದ. ಉತ್ತರ ಬಾರದಾಗ ತಿಪ್ಪವ್ವ ವಾರಕ್ಕೆರಡು ಸಲ ಕೇಳಿ ಕೇಳಿ ಅವನಿಂದ ಮತ್ತೆ ಬರೆಸಿದಳು. ಕಡೆಗೆ ಸುದ್ದಿ ಬಂತು: ಹೊಸ ಫಲಕ ತಯಾರಾಗಿದೆ, ಗುರುವಾರ ಬರುತ್ತದೆ. ಒಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಿದರೆ ಹಚ್ಚಬಹುದು.

ಮಂಗಳವಾರ ಮಧ್ಯಾಹ್ನ ಜನ ಇರಲಿಲ್ಲ. ಒಬ್ಬಳು ಹುಡುಗಿ ಬಂದಳು. ಇಪ್ಪತ್ತಮೂರು, ಇಪ್ಪತ್ತನಾಲ್ಕು ಇರಬೇಕು. ಬಸ್ಸಿನ ಧೂಳು ಒರೆಸಿಕೊಳ್ಳುತ್ತ ತಿಪ್ಪವ್ವನ ಹತ್ತಿರವೇ ಬಂದು ನಿಂತಳು.

"ಅಜ್ಜಿ, ಇಲ್ಲಿ ನಮ್ಮ ನಾನಿ ಫೋಟೋ ಹಚ್ಯಾರಂತ. ಎಲ್ಲೈತ್ರಿ?"

"ಯಾರವಾ ನಿಮ್ಮ ನಾನಿ?"

"ಮರಿಯಮಬಿ ಅಂತ್ರಿ. ಹದಿನಾಲ್ಕನೇ ಮಿಷನ್ನಿನಾಕಿ. ನಾ ಮಾಹೀರಾ, ಆಕಿ ಮಗಳ ಮಗಳು. ಹಿರೇಕೆರೂರಿಂದ ಬಂದೇನಿ."

ತಿಪ್ಪವ್ವನ ಕೈಯಲ್ಲಿನ ಕಸಬರಿಗೆ ನಿಂತಿತು. "ಹ್ಯಾಂಗದಾಳ ನಿಮ್ಮ ನಾನಿ?" ಎಂದಳು.

"ತೀರಿ ಎರಡು ವರ್ಷ ಆತ್ರಿ."

ಎರಡು ವರ್ಷ. ಒಂದು ಮಾತು ಹೇಳಿ ಕಳಿಸಲು ಯಾರಿಗೂ ತೋಚಲಿಲ್ಲ, ತೋಚಲು ಇವಳು ಅವರಿಗೆ ಯಾರು? ತಿಪ್ಪವ್ವನಿಗೆ ಕುಳಿತುಕೊಳ್ಳಬೇಕೆನಿಸಿತು. ಕುಳಿತುಕೊಳ್ಳಲಿಲ್ಲ. ಕೈಯೆತ್ತಿ ಫೋಟೋ ತೋರಿಸಿದಳು.

ಹುಡುಗಿ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತು. "ಮೂಗು ನೋಡ್ರಿ ಅಜ್ಜಿ, ನಮ್ಮ ಅಮ್ಮಿದೂ ಹಿಂಗ ಐತಿ" ಎಂದಳು. "ನಾನಿ ಫೋಟೋ ತಗಸ್ಕೊಂಡಾಕೀನ ಅಲ್ಲ. ಆಧಾರ ಕಾರ್ಡಿನಾಗ ಒಂದ ಐತಿ, ಅದರಾಗ ಮಾರಿ ಕರ್ರಗ ಬಂದೈತಿ. ಇಷ್ಟ ಚಂದ ಇದ್ದಳಂತ ನಮಗ ಗೊತ್ತಽ ಇರಲಿಲ್ಲ."

ತನ್ನ ಮೂಗನ್ನು ಇನ್ನೊಬ್ಬರ ವಂಶಕ್ಕೆ ಸೇರಿಸಿದ್ದು ಕಂಡು ತಿಪ್ಪವ್ವನಿಗೆ ನಗು ಬರಬೇಕಿತ್ತು. ಬೇರೆ ದಿನವಾಗಿದ್ದರೆ ಬರುತ್ತಿತ್ತೇನೋ.

ಮಾಹೀರಾ ಒಂದೊಂದೇ ಯಂತ್ರ ಮುಟ್ಟುತ್ತ ನಡೆದಳು. ಮಾತು ತಾನಾಗಿ ಬಂತು. ರಾತ್ರಿ ಮಕ್ಕಳು ಮಲಗದಿದ್ದರೆ ನಾನಿ ಜಿನ್ನಿನ ಕಥೆ ಹೇಳುತ್ತಿದ್ದಳಂತೆ. ಪಟ್ಟಾ ಹರಿದು ಹಾರಿ ಗುಮಾಸ್ತನ ಟೊಪ್ಪಿಗೆಯನ್ನು ಕಿಟಕಿಯಾಚೆ ಒಯ್ದ ಕಥೆ. ಹತ್ತಿಯ ರಾಶಿಯಲ್ಲಿ ಕೋಳಿ ಮೊಟ್ಟೆಯಿಟ್ಟು, ಅದು ಯಾರ ಮೊಟ್ಟೆಯೆಂದು ಇಬ್ಬರು ಹೆಂಗಸರು ಕೂದಲು ಹಿಡಿದುಕೊಂಡ ಕಥೆ. ತಿಳವಳ್ಳಿ ಕಡೆಯ ಹತ್ತಿಯಲ್ಲಿ ಬಂಗಾರದ ಮೂಗುತಿ ಸಿಕ್ಕದ್ದು, ಸೆರಗಿನ ತುದಿಗೆ ಕಟ್ಟಿಕೊಂಡು ಮೂರು ದಿನ ಗಾಡಿಯವರನ್ನೆಲ್ಲ ವಿಚಾರಿಸಿ ಕಡೆಗೆ ಅದರ ಒಡತಿಗೆ ಮುಟ್ಟಿಸಿದ್ದು.

"ಆ ಹೆಣ್ಮಗಳು ಅದನ್ನ ತಗೊಂಡು ಒಂದ ಮಾತೂ ಆಡಲಾರದ ಒಂದ ಗಂಟು ಹಸಿ ಅವರೀಕಾಯಿ ಕೊಟ್ಟು ಹೋದಳಂತ್ರಿ" ಎಂದಳು ಮಾಹೀರಾ.

ಅವರೆಕಾಯಿ! ತಿಪ್ಪವ್ವ ಅದನ್ನು ಮರೆತೇಬಿಟ್ಟಿದ್ದಳು. ಮೂಗುತಿ ಕಟ್ಟಿಕೊಂಡ ಸೆರಗು ಇವಳದು, ಕಾಯಿ ಬೇಯಿಸಿದ ಮನೆ ಇವಳದು. ಇವಳ ಮಕ್ಕಳು ಇಂದಿನ ತನಕ ಜಿನ್ನಿನಲ್ಲಿ ಏನಾಯಿತು ಎಂದು ಒಂದು ದಿನವೂ ಕೇಳಿದವರಲ್ಲ. ಇವಳ ಹತ್ತೊಂಬತ್ತು ವರ್ಷ ಹಿರೇಕೆರೂರಿನ ಒಂದು ಮನೆಯಲ್ಲಿ, ಇನ್ನೊಬ್ಬಳ ಹೆಸರಿನಲ್ಲಿ, ಒಂದು ಕಾಯಿಯೂ ಉದುರದಂತೆ ಜೋಪಾನವಾಗಿತ್ತು. ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಆಕೆ ಗೋಡೆಗೆ ಆತುಕೊಂಡಳು.

"ಬಾಜೂಕ ತಿಪ್ಪಿ ಅಂತ ಒಬ್ಬಾಕಿ ಇದ್ದಳಂತ್ರಿ" ಎಂದು ಹುಡುಗಿ ಹದಿನೈದನೇ ಯಂತ್ರದ ಮೇಲೆ ಕೈಯಿಟ್ಟು ನಕ್ಕಳು. "ಬಲೇ ಮಾತಿನಮಲ್ಲಿ. ನಿಂತಲ್ಲೇ ನಿದ್ದಿ ಮಾಡ್ತಿದ್ದಳಂತ. ಒಂದಿನ ಹಂಗ ತೂಕಡಿಸಿ ಆಕಿ ಜಡಿ ಮಿಷನ್ನಿನ ತಿರುಗೋ ರೋಲಿಗೆ ಸಿಕ್ಕತಂತ. ನಮ್ಮ ನಾನಿ ಓಡಿ ಬಂದು ಜಡಿ ಕತ್ತರಿಸಿ ಉಳಿಸಿದಳಂತ."

"ಸುಳ್ಳು!" ತಿಪ್ಪವ್ವನ ದನಿ ಮಾಡಿಗೆ ಬಡಿಯಿತು. "ಆಕಿ ನಿದ್ದಿ ಮಾಡಿರಲಿಲ್ಲ. ಜಡಿ ಕತ್ತರಿಸಿದಾವ ಮುಕಾದಮ ಮಹಾಲಿಂಗಪ್ಪ. ನಿಮ್ಮ ನಾನಿ ಅಲ್ಲಿ ಇರಲೇ ಇಲ್ಲ!"

ಹುಡುಗಿ ಬೆಚ್ಚಿ ಹಿಂದೆ ಸರಿದಳು. ಆಡಿದ ಮಾತು ಇನ್ನು ಹಿಂದೆ ಬರುವಂತಿರಲಿಲ್ಲ, ಮತ್ತು ತಿಪ್ಪವ್ವನಿಗೆ ಇನ್ನೊಂದು ಸುಳ್ಳು ಕಟ್ಟುವಷ್ಟು ಶಕ್ತಿಯೂ ಇರಲಿಲ್ಲ. ಸ್ಟೂಲು ಎಳೆದು ಹುಡುಗಿಯನ್ನು ಕೂರಿಸಿದಳು. ತಾನು ನೆಲಕ್ಕೆ ಕುಳಿತು ಮೊದಲಿನಿಂದ ಹೇಳಿದಳು: ಬದಲಿ, ಕುಂಕುಮ, ಹೆಬ್ಬೆಟ್ಟು, ಸಂಜೆಯ ಪಾಠ, ಎಲ್ಲ. "ಆ ತಿಪ್ಪಿ ನಾನಽ ಯವ್ವಾ" ಎಂದಳು. "ಆ ಫೋಟೋದಾಗಿನಾಕೀನೂ ನಾನ."

ಮಾಹೀರಾ ಫೋಟೋ ನೋಡಿದಳು, ತಿಪ್ಪವ್ವನ ಮುಖ ನೋಡಿದಳು. ಮೂಗು ಸುಳ್ಳು ಹೇಳುವುದಿಲ್ಲವಲ್ಲ. ಎದ್ದು ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ಹಾಜರಿ ಪುಸ್ತಕದ ಮೇಲೆ ಬಗ್ಗಿದಳು. "ಇವು?" ಎಂದಳು.

"ಅವೂ ನನ್ನವ."

"ನಾನಿ ಯಾಕ ನಮಗ ಹಂಗ ಹೇಳಿದಳು ಮತ್ತ?"

ಆ ಪ್ರಶ್ನೆಗೆ ಉತ್ತರ ತಿಪ್ಪವ್ವನಿಗೆ ಆಗಷ್ಟೇ ಹೊಳೆಯಿತು. ಜಡೆ ಹೋದ ಆ ಸಂಜೆ ಮರಿಯಮಬಿ ಏದುಸಿರು ಬಿಡುತ್ತ ಇವಳ ತಲೆಗೆ ಎಣ್ಣೆ ಹಚ್ಚಿದ್ದಳು. ಅಡ್ಡಾದಿಡ್ಡಿಯಾದ ಕೂದಲನ್ನು ಕತ್ತರಿಯಿಂದ ಸಮ ಮಾಡುತ್ತ, ನಾ ಅಲ್ಲಿ ಇರಬೇಕಿತ್ತು, ನನ್ನ ಸಲುವಾಗಿ ನೀ ಸಾಯ್ತಿದ್ದೆ ಎಂದು ಅತ್ತಿದ್ದಳು. ಇವಳು ಬೈದು ಸುಮ್ಮನಿರಿಸಿದ್ದಳು. ಆಕೆ ಸುಮ್ಮನಾಗಿರಲಿಲ್ಲ. ಹಿರೇಕೆರೂರಿನಲ್ಲಿ ಮೊಮ್ಮಕ್ಕಳ ಮುಂದೆ, ರಾತ್ರಿಗೆ ರಾತ್ರಿ ಓಡಿ ಬಂದು ಗೆಳತಿಯನ್ನು ಉಳಿಸುತ್ತಲೇ ಇದ್ದಳು.

"ಬರಬೇಕಂತ ಭಾಳ ಇತ್ತವಾ ಆಕಿಗೆ" ಎಂದಳು ತಿಪ್ಪವ್ವ. "ಉಸುರು ಬರಗೊಡಲಿಲ್ಲ."

ಹುಡುಗಿ ಇಡೀ ಜಿನ್ನನ್ನು ಒಮ್ಮೆ ತಿರುಗಿ ನೋಡಿದಳು: ಹಸಿರು ಯಂತ್ರಗಳು, ಕೆಂಪು ಗಾಲಿಗಳು, ಫೋಟೋಗಳು, ಪುಸ್ತಕ. "ಹಂಗಾದ್ರ ನಮ್ಮ ನಾನಿದು ಇಲ್ಲೆ ಏನೂ ಇಲ್ಲೇನ್ರಿ ಅಜ್ಜಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ. ಅದೇ ಕಷ್ಟವಾದದ್ದು.

ತಿಪ್ಪವ್ವ ಹುಡುಕಿದಳು. ನಿಜವಾಗಿ ಹುಡುಕಿದಳು. ಕಡೆಗೆ, "ಹೆಸರೈತಿ" ಎಂದಳು.

ಮಾಹೀರಾ ಮತ್ತೆ ಫೋಟೋದ ಹತ್ತಿರ ಹೋದಳು. ಮೊಬೈಲು ತೆಗೆದು, ಬಗ್ಗಿ, ಮುಖವನ್ನು ಬಿಟ್ಟು ಕೆಳಗಿನ ಹೆಸರನ್ನು ಮಾತ್ರ ಹಿಡಿದುಕೊಂಡಳು. ಹೋಗುವಾಗ ತಿಪ್ಪವ್ವನ ಗಾಯದ ಹೆಬ್ಬೆರಳನ್ನು ಹಿಡಿದು ನೋಡಿ, ಬಿಟ್ಟು, ಐದೂವರೆಯ ಬಸ್ಸಿಗೆ ಹೊರಟಳು. ಗುರುವಾರ ಆ ಹೆಸರು ಇಳಿಯುತ್ತದೆ ಎಂದು ಹೇಳಲು ತಿಪ್ಪವ್ವನಿಗೆ ಬಾಯಿ ಬರಲಿಲ್ಲ.

ಗುರುವಾರ ಹೊಸ ಫಲಕ ಬಂತು. ಮೃತ್ಯುಂಜಯ ಪ್ಲಾಸ್ಟಿಕ್ಕು ಬಿಚ್ಚಿ ಮೇಜಿನ ಮೇಲಿಟ್ಟು, "ನೋಡ್ರಿ ಒಂದ್ಸಲ, ಖುಷಿ ಆಗ್ತದ" ಎಂದ. ತಿಪ್ಪವ್ವನಿಗೆ ಓದು ಬಾರದು. ಆದರೆ ತನ್ನ ಹೆಸರಿನ ಆಕಾರ ಗೊತ್ತು. ಕರಿಯ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಎಷ್ಟು ದೊಡ್ಡದಾಗಿ ಬರೆದಿದ್ದರು! ಬೇಕಿತ್ತು ಅದು ಆಕೆಗೆ, ಹಸಿದವರಿಗೆ ಅನ್ನ ಬೇಕಾದಂತೆ ಬೇಕಿತ್ತು.

"ಕಾಗದದಾಗ ಏನೈತಿ, ಓದ್ರಿ" ಎಂದಳು.

ಅವನು ಓದಿದ: "ಚಿತ್ರದಲ್ಲಿರುವ ಮಹಿಳೆ ನಾನೇ ಆಗಿದ್ದು, ಮರಿಯಮಬಿ ಎಂಬ ಹೆಸರಿನವರು ಸದರಿ ಯಂತ್ರದ ಮೇಲೆ ಕೆಲಸ ಮಾಡಿರುವುದಿಲ್ಲ."

"ಮಾಡ್ಯಾಳ. ನನಗಿಂತ ಮೊದ್ಲ ಆರು ವರ್ಷ ಮಾಡ್ಯಾಳ."

"ಆ ಆರು ವರ್ಷದ ಪುಸ್ತಕ ಗೆದ್ದಲು ತಿಂದೈತ್ರಿ. ಪುರಾವೆ ಇಲ್ಲ."

"ಆಕಿ ಕೆಮ್ಮು ಕೇಳಿದ್ರ ನೀವು ಪುರಾವೆ ಕೇಳ್ತಿರಲಿಲ್ಲ ಸಾಹೇಬ್ರ. ಎರಡೂ ಹೆಸರು ಹಾಕ್ರಿ."

ಮೃತ್ಯುಂಜಯ ಹಣೆ ಒತ್ತಿಕೊಂಡ. ಒಂದು ಫೋಟೋಕ್ಕೆ ಒಂದೇ ಹೆಸರು, ಅದು ಮೇಲಿನವರ ನಿಯಮ. ಇದಕ್ಕೇ ನಾಲ್ಕು ತಿಂಗಳು ಹಿಡಿಯಿತು, ಮತ್ತೆ ಬರೆದರೆ ಇದೂ ಹೋಗುತ್ತದೆ ಎಂದು ಬಿಡಿಸಿ ಹೇಳಿದ. ಹೇಳಿ, ಮಸಿಯ ಡಬ್ಬಿ ತೆರೆದು ಮುಂದೆ ಸರಿಸಿದ.

ತಿಪ್ಪವ್ವ ಅಭ್ಯಾಸದಂತೆ ಹೆಬ್ಬೆರಳನ್ನು ಮಸಿಗೆ ಒತ್ತಿದಳು. ಕಾಗದದ ಮೇಲೆ ಕೈ ತಂದಳು. ಹತ್ತೊಂಬತ್ತು ವರ್ಷ ಈ ಬೆರಳು ಆ ಹೆಸರಿನ ಬಗಲಿಗೇ ಕುಳಿತಿತ್ತು. ಅದನ್ನು ಉಳಿಸಲೆಂದೇ ಕುಳಿತಿತ್ತು. ಈಗ ಅದೇ ಬೆರಳಿನಿಂದ, ಅವಳು ಇರಲೇ ಇಲ್ಲ ಎಂದು ಒತ್ತಬೇಕು. ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇದ್ದದ್ದ ಇರ್ಲಿ ಬಿಡ್ರಿ" ಎಂದಳು.

"ನಾಲ್ಕು ತಿಂಗಳು ನನ್ನ ಜೀವಾ ತಿಂದ್ರಿ, ಈಗ ಹಿಂಗಂದ್ರ ಹ್ಯಾಂಗ್ರಿ?"

"ತಪ್ಪಾತ್ರಿ. ದಣಿವಾಗೈತಿ ನನಗ."

ಅವನು ಸಿಡಿಮಿಡಿಗೊಂಡು ಹೊಸ ಫಲಕವನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಉಗ್ರಾಣದ ಬಾಗಿಲ ಹಿಂದೆ ಇಟ್ಟ. ತಿಪ್ಪವ್ವ ನಳದ ಹತ್ತಿರ ಹೋಗಿ ಬೆರಳು ತಿಕ್ಕಿದಳು. ಮಸಿ ಪೂರ್ತಿ ಹೋಗಲಿಲ್ಲ. ಅಲ್ಲೇ ನಿಂತು, ನೀರಿನ ಸಪ್ಪಳದಲ್ಲಿ ಯಾರಿಗೂ ಕೇಳಿಸದಂತೆ ಅತ್ತಳು. ಮರಿಯಮಬಿಗಾಗಿ ಅತ್ತಷ್ಟೇ ತನಗಾಗಿಯೂ ಅತ್ತಳು.

ಮಧ್ಯಾಹ್ನ ಶಿಗ್ಗಾಂವಿಯ ಕಾಲೇಜಿನ ಹುಡುಗಿಯರು ಬಂದರು. ಗದ್ದಲ ಮಾಡಿದರು, ಯಂತ್ರಗಳ ಮುಂದೆ ನಿಂತು ಫೋಟೋ ಹೊಡೆದುಕೊಂಡರು, ಮುಂದಿನ ಕೋಣೆಗೆ ಹೋದರು. ಒಬ್ಬಳು ಮಾತ್ರ ಹಿಂದೆ ಉಳಿದಳು. ಗೋಡೆಯ ಫೋಟೋ ನೋಡಿದಳು, ಗಾಜು ಒರೆಸುತ್ತಿದ್ದ ತಿಪ್ಪವ್ವನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು.

"ಅಜ್ಜಿ, ಈ ಮರಿಯಮಬಿ ಅನ್ನೋರು ಥೇಟ್ ನಿಮ್ಮಂಗ ಕಾಣ್ತಾರಲ್ರಿ?"

ಎಂಟು ತಿಂಗಳಿಂದ ಕಾದಿದ್ದ ಮಾತು. ತಿಪ್ಪವ್ವ ಒರೆಸುವುದನ್ನು ನಿಲ್ಲಿಸಲಿಲ್ಲ.

"ಹೌದವಾ" ಎಂದಳು. "ಎಲ್ಲಾರೂ ಹಂಗ ಅಂತಾರ."